ಎಂವಿಎ ಮುಗಿಸಿದರೆ ಪ್ರಾಧ್ಯಾಪಕ ಹುದ್ದೆ ಖಚಿತವೇ? ಒಂದು ಸ್ಪಷ್ಟನೆ

ದೃಶ್ಯಕಲೆಯ ಸ್ನಾತಕೋತ್ತರ ಪದವಿಯಾದ ಎಂವಿಎ ಮುಗಿಸಿದರೆ ಸಾಕು, ಸಹಾಯಕ ಪ್ರಾಧ್ಯಾಪಕ ಹುದ್ದೆ ನೇರವಾಗಿ ಸಿಗುತ್ತದೆ ಎಂಬ ಸಂದೇಶ ಬಾಗಲಕೋಟೆ ಕಡೆಯ ಮೊಬೈಲ್‌ಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2018ರ ನಿಯಮದಂತೆ ಸಾಮಾನ್ಯವಾಗಿ ಶೇ 55 ಅಂಕಗಳ ಜೊತೆಗೆ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆಯಾದ ನೆಟ್ ಅಥವಾ ರಾಜ್ಯಮಟ್ಟದ ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾಗಿರಬೇಕು. ಅದಾದ ಮೇಲೂ ಹುದ್ದೆ ಖಾಲಿ ಇರಬೇಕು, ಆಯ್ಕೆಯಾಗಬೇಕು.

ಹೊಲ ಅಡವಿಟ್ಟು ಮಗಳ ಶುಲ್ಕ ಕಟ್ಟಲು ಹೊರಟಿದ್ದ ತಂದೆಯೊಬ್ಬರು ಈ ಸಂದೇಶ ತೋರಿಸಿದಾಗ ನನಗೆ ಸಂಕಟವಾಯಿತು. ಅವಳ ಪುಸ್ತಕದಲ್ಲಿ ಬಾದಾಮಿಯ ಮೂರನೇ ಗುಹೆಯ ಕಂಬವೊಂದು ಇದ್ದಿಲಿನಲ್ಲಿ ಮೂಡಿತ್ತು. ನೆರಳನ್ನು ಬೆರಳಿನಿಂದಲೇ ತೀಡಿದ್ದಳು. ಅಂಥ ಕೈ ಇನ್ನೆರಡು ವರ್ಷ ಪಳಗಲು ಎಂವಿಎ ಖಂಡಿತ ಒಳ್ಳೆಯ ದಾರಿ. ಆದರೆ ಸಾಲ ಮಾಡುವ ಮೊದಲು ನೆಟ್‌ನ ದೃಶ್ಯಕಲೆ ಪಠ್ಯಕ್ರಮವನ್ನು ಮಗಳೊಂದಿಗೆ ಕುಳಿತು ಓದಿ ಎಂದು ಅವರಿಗೆ ಹೇಳಿದ್ದೇನೆ.