ಭಾಷಣಕ್ಕೆ ಬೆವರಿದ ಬೆರಳು

ಭಾಷಣ ಅಂದ್ರೆ ನನಗೆ ಆಗಲ್ಲ ಅಂತ ಹೇಳಿಕೊಂಡು ತಿರುಗುವವರಲ್ಲಿ ನಾನೂ ಒಬ್ಬ. ಭಾಷಣ ಕೇಳುವಾಗ ನಮ್ಮೊಳಗೆ ಏನಾಗುತ್ತದೆ ಅಂತ ನೋಡುವ ಸಂಶೋಧನೆಗೆ ಜನ ಬೇಕಂತೆ ಅಂತ ಗೆಳೆಯರೊಬ್ಬರು ಹೇಳಿದರು. ಖುಷಿಯಿಂದಲೇ ಹೋದೆ. ‘ನನ್ನ ಗ್ರಾಫ್ ಮಲಗಿಯೇ ಇರುತ್ತೆ ನೋಡಿ’ ಅಂತ ಜಂಬವನ್ನೂ ಕೊಚ್ಚಿಕೊಂಡೆ.

ಮೊದಲು ಒಪ್ಪಿಗೆ ಪತ್ರ. ಯಾವಾಗ ಬೇಕಾದರೂ ಎದ್ದು ಹೋಗಬಹುದು, ಕಾರಣ ಹೇಳಬೇಕಿಲ್ಲ. ಹೆಸರಿನ ಬದಲು ಒಂದು ನಂಬರ್. ಆಮೇಲೆ ಎಡಗೈಯ ಎರಡು ಬೆರಳಿಗೆ ಪುಟ್ಟ ಪಟ್ಟಿ ಸುತ್ತಿದರು, ಒಳಗೆ ತಣ್ಣನೆಯ ಲೋಹದ ಬಿಲ್ಲೆ. ಮನಸ್ಸು ಚೂರು ಅಲುಗಿದರೂ ಬೆರಳು ಕಣ್ಣಿಗೆ ಕಾಣದಷ್ಟು ಬೆವರುತ್ತದೆ. ಬೆವರಿದ ಚರ್ಮದಲ್ಲಿ ವಿದ್ಯುತ್ ಸಲೀಸಾಗಿ ಹರಿಯುತ್ತದೆ. ಯಂತ್ರ ಅಳೆಯುವುದು ಅದನ್ನೇ. ಬಲಗೈಗೆ ಫ್ಯಾನ್ ರೆಗ್ಯುಲೇಟರ್ ಥರದ ಒಂದು ತಿರುಗಿಸೋ ಗುಂಡಿ. ಮಾತು ಮನಸ್ಸಿಗೆ ತಟ್ಟಿದಷ್ಟು 0ಯಿಂದ 100ರ ಕಡೆಗೆ ತಿರುಗಿಸಬೇಕು.

ಈ ಗುಂಡಿಯ ಬಗ್ಗೆ ನನ್ನದೊಂದು ತಕರಾರಿದೆ. ಅದು ಕೈಯಲ್ಲಿದ್ದರೆ ಭಾಷಣ ಕೇಳೋದು ಬಿಟ್ಟು ನಮ್ಮನ್ನೇ ನಾವು ಕಾಯುತ್ತಾ ಕೂರುತ್ತೇವೆ.

ಮೊದಲ ಎರಡು ಭಾಷಣ ಸಪ್ಪೆ. ಮೂರನೆಯದು ನಾನು ಸುತರಾಂ ಒಪ್ಪದ ಒಬ್ಬರದು. ದನಿ ಕೇಳುತ್ತಿದ್ದಂತೆ ಗುಂಡಿಯನ್ನು 10ಕ್ಕೆ ಇಳಿಸಿಬಿಟ್ಟೆ. ಅವರು ಒಂದು ಮಾತು ಹೇಳಿದರು. ಅದೇ ತಾಳದಲ್ಲಿ ಇನ್ನೊಂದು. ಆಮೇಲೆ ನಿಲ್ಲಿಸಿದರು. ಸಭೆ ಉಸಿರು ಬಿಗಿಹಿಡಿದಿದ್ದು ಇಯರ್‌ಫೋನಿನಲ್ಲೂ ಗೊತ್ತಾಗುತ್ತಿತ್ತು. ಮೂರನೆಯ ಮಾತು ಬಿತ್ತು ನೋಡಿ, ಚಪ್ಪಾಳೆ. ನನ್ನ ಕತ್ತಿನ ಹಿಂದೆ ಜುಮ್ ಅಂತು. ಗುಂಡಿ ಮಾತ್ರ 10ರಲ್ಲೇ ಇತ್ತು.

ಆಮೇಲೆ ಫಾರಂ. ಎಷ್ಟು ತಟ್ಟಿತು? 1ರಿಂದ 9ರೊಳಗೆ ಹೇಳಿ. 2 ಅಂತ ಬರೆದೆ. ಕೆಳಗೆ ಸಂತೋಷ, ದುಃಖ, ಕೋಪ, ಭಯ ಅಂತ ಮನೆಗಳು. ಮೈ ಜುಮ್ಮೆಂದಿದ್ದಕ್ಕೆ ಮನೆಯೇ ಇಲ್ಲ! ಭರತನ ನಾಟ್ಯಶಾಸ್ತ್ರದ ಎಂಟು ಸಾತ್ವಿಕ ಭಾವಗಳಲ್ಲಿ ರೋಮಾಂಚವೂ ಇದೆ, ಬೆವರೂ ಇದೆ. ಬೇಕಂತಲೇ ತಂದುಕೊಳ್ಳೋಕೆ ಆಗದಂಥವು ಅವು. ಬೆವರಿಗೆ ಯಂತ್ರ ಇಟ್ಟವರು ರೋಮಾಂಚಕ್ಕೆ ಒಂದು ಮನೆ ಕೊಡಬಾರದಿತ್ತೇ?

ಮುಗಿದ ಮೇಲೆ ನನ್ನ ಗ್ರಾಫ್ ತೋರಿಸಿ ಅಂತ ಕೇಳಿದೆ. ಗುಂಡಿಯ ಗೆರೆ ನೆಲ ಬಿಟ್ಟು ಎದ್ದಿರಲಿಲ್ಲ. ಬೆರಳಿನ ಗೆರೆ ಮೂರನೆಯ ಮಾತಾದ ಎರಡು ಸೆಕೆಂಡಿಗೆ ಗುಡ್ಡ ಹತ್ತಿತ್ತು. ಬೆವರು ಹೆಚ್ಚುಕಮ್ಮಿ ಅಷ್ಟು ತಡವಂತೆ. ಮ್ಯಾಕ್ಸ್ ಆಟ್ಕಿನ್ಸನ್ ಅನ್ನೋ ಬ್ರಿಟಿಷ್ ವಿದ್ವಾಂಸರು ರಾಜಕಾರಣಿಗಳ ಭಾಷಣಗಳ ರೆಕಾರ್ಡಿಂಗ್ ಕೇಳಿ ಕೇಳಿ 1984ರಲ್ಲಿ ಮೂರನೆಯ ಮಾತಿನ ಈ ಗುಟ್ಟನ್ನೇ ಬರೆದಿದ್ದರು ಅಂತ ಸಂಶೋಧಕಿ ಹೇಳಿದರು. ಮೂರು ಮಾತಿನ ಪಟ್ಟಿ, ‘ಅದಲ್ಲ, ಇದು’ ಅನ್ನೋ ತಿರುವು, ಇಂಥ ಕಡೆ ಚಪ್ಪಾಳೆ ಬೀಳೋದು ಜಾಸ್ತಿ.

‘ಕೋಪಕ್ಕೂ ಬೆವರು ಬರುತ್ತಲ್ವಾ ಮೇಡಂ?’ ಅಂದೆ.

‘ಬರುತ್ತೆ ಸರ್. ಕೋಪಾನೋ ಖುಷೀನೋ ಅಂತ ಬೆರಳು ಹೇಳಲ್ಲ. ಅದು ನಿಮಗೇ ಗೊತ್ತು’ ಅಂದರು.

ಗೊತ್ತಿತ್ತು. ಕೋಪ ಅಲ್ಲ ಅದು.

ಪ್ರಚಾರದ ಮಾತಿಗೆ ಬೇರೆಯವರು ಬೀಳುತ್ತಾರೆ, ತಾನು ಅಷ್ಟು ಸುಲಭಕ್ಕೆ ಬೀಳಲ್ಲ ಅಂತ ಜನ ಅಂದುಕೊಳ್ಳುವುದನ್ನು ಡೇವಿಸನ್ ಅನ್ನೋ ಅಮೆರಿಕದ ಸಮಾಜಶಾಸ್ತ್ರಜ್ಞರು 1983ರಲ್ಲೇ ಬರೆದಿಟ್ಟಿದ್ದಾರೆ. ಮೈದಾನದಲ್ಲಿ ಕೂತು ಚಪ್ಪಾಳೆ ಹೊಡೆಯುವವರನ್ನು ನೋಡಿ ‘ಪಾಪ, ಮರುಳಾದರು’ ಅಂತ ನಾನು ಈ ಅಂಕಣದಲ್ಲೇ ಎಷ್ಟು ಸಲ ಬರೆದಿಲ್ಲ? ಅವರು ಕೈತಟ್ಟಿ ಒಪ್ಪಿಕೊಂಡರು. ನಾನು 2 ಅಂತ ಬರೆದೆ. ಫಾರಂ ತಿದ್ದಬಹುದಾ ಅಂತ ಕೇಳಿದೆ. ಆಗಲ್ಲ ಅಂದರು, ಹಾಗೇ ಇರಬೇಕಂತೆ.

ಮನೆಗೆ ಬಂದು ಅದೇ ಭಾಷಣ ಹಾಕಿಕೊಂಡೆ. ಅವರು ಹೇಳಿದ್ದನ್ನು ಈಗಲೂ ಒಪ್ಪಲ್ಲ. ಮೂರನೆಯ ಮಾತು ಎಲ್ಲಿ ಬರುತ್ತೆ ಅಂತ ಗೊತ್ತು, ಯಾಕೆ ನಿಲ್ಲಿಸುತ್ತಾರೆ ಅಂತಾನೂ ಗೊತ್ತು. ಕಾಯುತ್ತಾ ಕೂತೆ. ನಿಲ್ಲಿಸಿದರು. ಕತ್ತಿನ ಹಿಂದೆ ಮತ್ತೆ ಜುಮ್ ಅಂತು.