ಸತ್ಯಾಂಶ: ಕ್ರೋಮ್ ತೆಗೆದು ಮತ್ತೆ ಹಾಕಿದರೆ ಸಾಕಾ?

"ಕ್ರೋಮ್ ತೆರೆದರೆ ಯಾವುದೋ ಸರ್ಚ್ ಪುಟ ಬರುತ್ತಿದೆಯಾ? ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕಿ, ವೈರಸ್ ಪೂರ್ತಿ ಹೋಗುತ್ತದೆ" ಎಂಬ ಸಲಹೆ ವಾಟ್ಸಾಪ್‌ನಲ್ಲಿ ಆಗಾಗ ಬರುತ್ತದೆ. ಅಷ್ಟರಿಂದಲೇ ಹೋಗುತ್ತದೆ ಅನ್ನುವುದು ತಪ್ಪು.

ಬಹಳ ಸಲ ತೊಂದರೆ ಇರುವುದು ಎಕ್ಸ್‌ಟೆನ್ಷನ್‌ನಲ್ಲಿ, ಅಂದರೆ ಬ್ರೌಸರ್‌ಗೆ ಸೇರಿಸಿಕೊಳ್ಳುವ ಚಿಕ್ಕ ಪ್ರೋಗ್ರಾಂನಲ್ಲಿ. ಗೂಗಲ್ ಖಾತೆಯ ಸಿಂಕ್ (ಕ್ರೋಮ್‌ನಲ್ಲಿರುವುದನ್ನು ಖಾತೆಯಲ್ಲಿ ಉಳಿಸಿಡುವ ಸೌಲಭ್ಯ) ಆನ್ ಇದ್ದರೆ, ಸೈನ್ ಇನ್ ಆದ ಕೂಡಲೇ ಅದೇ ಎಕ್ಸ್‌ಟೆನ್ಷನ್ ವಾಪಸ್ ಬರಬಹುದು. ಇನ್ನು ಕೆಲವು ತೊಂದರೆಗಳು ವಿಂಡೋಸ್ ಒಳಗೇ ಕೂತಿರುತ್ತವೆ: ಉಚಿತ ಸಾಫ್ಟ್‌ವೇರ್ ಜೊತೆ ನುಸುಳಿದ ಪ್ರೋಗ್ರಾಂ ಆಗಿ, ಟಾಸ್ಕ್ ಶೆಡ್ಯೂಲರ್‌ನಲ್ಲಿ (ನಿಗದಿತ ಸಮಯಕ್ಕೆ ಪ್ರೋಗ್ರಾಂ ತಾನಾಗೇ ಓಡಿಸುವ ವಿಂಡೋಸ್ ಸೌಲಭ್ಯ), ಇಲ್ಲವೇ ಡೆಸ್ಕ್‌ಟಾಪ್ ಶಾರ್ಟ್‌ಕಟ್‌ನ ಟಾರ್ಗೆಟ್ ಸಾಲಿನ (ಯಾವ ಪ್ರೋಗ್ರಾಂ ತೆರೆಯಬೇಕೆಂದು ಹೇಳುವ ಸಾಲು) ಕೊನೆಗೆ ಅಂಟಿಸಿದ ವಿಳಾಸವಾಗಿ. ಬ್ರೌಸರ್ ತೆಗೆದರೂ ಇವು ಅಲ್ಲೇ ಇರುತ್ತವೆ, ಅಲ್ವಾ?

ಮೊದಲು ಕಂಟ್ರೋಲ್ ಪ್ಯಾನೆಲ್‌ನಲ್ಲಿ ಅನುಮಾನ ಬರುವ ಪ್ರೋಗ್ರಾಂ ತೆಗೆಯಿರಿ. ಹೆಸರು ಗೊತ್ತಿಲ್ಲ ಅಂತ ಸುಮ್ನೆ ಎಲ್ಲವನ್ನೂ ಅಳಿಸಬೇಡಿ, ಪ್ರಿಂಟರ್, ಸೌಂಡ್‌ನಂಥವು ಕೆಲಸ ಮಾಡಲು ಬೇಕಾದ ಡ್ರೈವರ್‌ಗಳೂ ಅಲ್ಲೇ ಇರುತ್ತವೆ. ನೀವು ಹಾಕದ ಎಕ್ಸ್‌ಟೆನ್ಷನ್ ತೆಗೆದು ಕ್ರೋಮ್ ಸೆಟ್ಟಿಂಗ್ಸ್ ರಿಸೆಟ್ ಮಾಡಿ. ಬುಕ್‌ಮಾರ್ಕ್, ಪಾಸ್‌ವರ್ಡ್ ಹಾಗೇ ಉಳಿಯುತ್ತವೆ, ಭಯ ಬೇಡ. ಆಮೇಲೆ ವಿಂಡೋಸ್ 10ರಲ್ಲಿ ಅದರದ್ದೇ ಆಂಟಿವೈರಸ್ ಆದ ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್ ಕೊಡಿ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಶುರುವಾಗುವ ಮೊದಲೇ ಸುಮಾರು 15 ನಿಮಿಷ ಹುಡುಕುತ್ತದೆ. ಹಾಗಾಗಿ ಅಡಗಿರುವ ಸ್ಪೈವೇರ್ (ಗುಟ್ಟಾಗಿ ನಿಮ್ಮ ಮಾಹಿತಿ ಕದಿಯುವ ಪ್ರೋಗ್ರಾಂ) ಸಿಕ್ಕಿಬೀಳುವ ಸಾಧ್ಯತೆ ಜಾಸ್ತಿ.

ಸ್ಪೈವೇರ್ ಸಿಕ್ಕರೆ ಇಮೇಲ್, ಬ್ಯಾಂಕ್ ಪಾಸ್‌ವರ್ಡ್‌ಗಳನ್ನು ಬೇರೆ ಕಂಪ್ಯೂಟರ್ ಅಥವಾ ಫೋನಿನಿಂದ ಬದಲಿಸಿ.