ಒಂದು ಸ್ಯಾಂಡ್‌ವಿಚ್ಚು, ಹದಿನೇಳು ಪ್ಯಾಸೆಂಜರು ಮತ್ತು ಹೆಪ್‌ಬರ್ನ್

ಹೋದ ಭಾನುವಾರ ಮೈಸೂರಲ್ಲಿ ಮಧ್ಯಾಹ್ನವೇ ಮಳೆ ಹಿಡಿಯಿತು. ದೇವರಾಜ ಮಾರ್ಕೆಟ್ಟಿಗೆ ಹೋಗೋದು ತಪ್ಪಿತು. ಕುವೆಂಪುನಗರದ ಮನೆಯಲ್ಲೇ ಕೂತು 1957ರ ‘ಡೆಸ್ಕ್ ಸೆಟ್’ ಅನ್ನೋ ಹಾಲಿವುಡ್ ಸಿನಿಮಾ ನೋಡಿದೆ.

ಮೊದಲೇ ಹೇಳಿಬಿಡುತ್ತೇನೆ, ಕಥೆಯಲ್ಲಿ ಅಂಥಾ ದಮ್ಮೇನಿಲ್ಲ. ನ್ಯೂಯಾರ್ಕಿನ ಒಂದು ಟಿವಿ ಕಂಪನಿ. ಯಾರು ಏನು ಕೇಳಿದರೂ ಫೋನಲ್ಲೇ ಉತ್ತರ ಹುಡುಕಿ ಹೇಳುವ ನಾಲ್ಕು ಹೆಂಗಸರ ವಿಭಾಗ. ಅಲ್ಲಿಗೆ ಕಂಪ್ಯೂಟರ್ ತರೋಕೆ ಒಬ್ಬ ಇಂಜಿನಿಯರ್ ಬರುತ್ತಾನೆ. ನಮ್ಮ ಕೆಲಸ ಹೋಯಿತು ಅಂತ ಇವರು ಹೆದರುತ್ತಾರೆ. ಮಧ್ಯೆ ಕ್ರಿಸ್‌ಮಸ್ ಪಾರ್ಟಿ, ಒಂದಿಷ್ಟು ಕುಡಿತ, ಒಂದು ಪ್ರೇಮ, ಕೊನೆಗೆ ಎಲ್ಲ ಸುಖ. ಬೇರೆ ಯಾರಾದರೂ ನಾಯಕಿ ಆಗಿದ್ದರೆ ಅರ್ಧ ಗಂಟೆಗೇ ಲ್ಯಾಪ್‌ಟಾಪ್ ಮುಚ್ಚಿ ಬಜ್ಜಿ ಕರಿಯೋಕೆ ಎದ್ದಿರುತ್ತಿದ್ದೆ.

ಏಳಲಿಲ್ಲ. ಕಾರಣ ಕ್ಯಾಥರಿನ್ ಹೆಪ್‌ಬರ್ನ್.

ಒಂದು ದೃಶ್ಯ ಹೇಳುತ್ತೇನೆ. ಇಂಜಿನಿಯರ್ ಪಾತ್ರದ ಸ್ಪೆನ್ಸರ್ ಟ್ರೇಸಿ ಅವಳನ್ನು ಊಟಕ್ಕೆ ಕರೆಯುತ್ತಾನೆ. ಹೋಟೆಲ್ಲಿಗೆ ಅಂತ ಹೊರಟರೆ ಕರೆದುಕೊಂಡು ಹೋಗುವುದು ಆಫೀಸಿನ ಟೆರೇಸಿಗೆ. ಮೈ ಕೊರೆಯುವ ಚಳಿ. ಕೈಗೊಂದು ಸ್ಯಾಂಡ್‌ವಿಚ್ ಕೊಟ್ಟು ಅವನು ಪರೀಕ್ಷೆ ಶುರು ಮಾಡುತ್ತಾನೆ. ಹದಿನೇಳು ಪ್ಯಾಸೆಂಜರ್ ಇದ್ದ ಟ್ರೈನು ಹೊರಟಿತು. ಇಲ್ಲಿ ನಾಲ್ಕು ಜನ ಇಳಿದರು, ಒಂಬತ್ತು ಜನ ಹತ್ತಿದರು, ಅಲ್ಲಿ ಮೂವರು ಇಳಿದರು... ಅವಳು ತಿನ್ನುತ್ತಾ ಕೇಳುತ್ತಾಳೆ. ಅವನು ಮುಗಿಸಿದ್ದೇ ತಡ, ಹನ್ನೊಂದು ಜನ ಉಳಿದರು ಅನ್ನುತ್ತಾಳೆ. ಪ್ರಶ್ನೆ ಅದಲ್ಲ, ದಾರಿಯ ಚಪಾಕ್ವಾ ಸ್ಟೇಷನ್ನಿನಲ್ಲಿ ಎಷ್ಟು ಜನ ಇಳಿದರು ಅಂತ ಅವನು ಕೇಳುತ್ತಾನೆ. ಒಂಬತ್ತು. ಇಂಗ್ಲಿಷಿನಲ್ಲಿ ಬರೆದರೆ ಆ ಊರಿನ ಹೆಸರಲ್ಲೂ (Chappaqua) ಒಂಬತ್ತೇ ಅಕ್ಷರ ಇದೆ, ಗಮನಿಸಿದೆಯಾ ಅಂತ ಅವಳೇ ತಿರುಗಿ ಕೇಳುತ್ತಾಳೆ.

ಪೇಪರಿನಲ್ಲಿ ಓದಿದರೆ ಇದು ಮಕ್ಕಳ ಒಗಟು. ಅವಳು ಮಾತ್ರ ಇದನ್ನು ಜಾಣತನ ತೋರಿಸೋಕೆ ಹೇಳುವುದಿಲ್ಲ. ಗೊತ್ತಿರುವುದೇ ಅವಳಿಗೊಂದು ಖುಷಿ, ಬಾಯಲ್ಲಿರುವ ತುತ್ತಿನ ಹಾಗೆ. ಚಳಿಗೆ ಮುದುರಿದ್ದಾಳೆ, ಆದರೂ ಆಟ ಬಿಡುವುದಿಲ್ಲ. ಅಲ್ಲಿಂದ ಮುಂದೆ ಆ ಆಫೀಸು ನನಗೆ ಸೆಟ್ ಅನ್ನಿಸಲೇ ಇಲ್ಲ. ಇವಳ ಕೆಲಸ ಹೋಗಬಾರದು ಅಂತ ನಿಜಕ್ಕೂ ಅನ್ನಿಸಿತು. ಹಗುರ ಸಿನಿಮಾಕ್ಕೆ ಬೇಕಾದ ತೂಕ ಸಿಕ್ಕಿದ್ದು ಅಲ್ಲೇ.

ಸಿನಿಮಾ ಬಂದಾಗ ಹೆಪ್‌ಬರ್ನ್‌ಗೆ ಆಗಷ್ಟೇ ಐವತ್ತು. ನಮ್ಮಲ್ಲಿ ಆ ವಯಸ್ಸಿಗೆ ನಾಯಕನ ತಾಯಿ ಪಾತ್ರವೂ ಹಳೇದಾಗಿರುತ್ತದೆ. ಅವಳಿಗೆ ಬಂದ ನಾಲ್ಕು ಉತ್ತಮ ನಟಿ ಆಸ್ಕರ್‌ಗಳಲ್ಲಿ ಮೂರು ಬಂದದ್ದು ಅರವತ್ತಾದ ಮೇಲೆ!

ಮೋಡಿ ಅಂದರೆ ಚೆಲುವು ಅಂತ ನಮ್ಮವರು ತಿಳಿದಿದ್ದಾರೆ. ನಮ್ಮ ಸಿನಿಮಾಗಳ ಆಫೀಸು ನೋಡಿ. ಗಾಜಿನ ಬಾಗಿಲು, ಒಂದು ಲ್ಯಾಪ್‌ಟಾಪು, ನಾಯಕಿ ಕೈಲೊಂದು ಫೈಲು. ಆ ಫೈಲಲ್ಲಿ ಏನಿದೆ ಅಂತ ಕೊನೆವರೆಗೂ ಯಾರಿಗೂ ಗೊತ್ತಾಗುವುದಿಲ್ಲ, ಅವಳಿಗೂ ಸೇರಿ. ಹಳೇ ಕನ್ನಡ ಸಿನಿಮಾಗಳ ನಟಿ ಮಂಜುಳಾ ನೆನಪಾಗುತ್ತಾರೆ. ಸೊಂಟಕ್ಕೆ ಕೈಯಿಟ್ಟು ಪಟಪಟ ಮಾತು ಶುರು ಮಾಡಿದರೆ ಸುಮಾರಾದ ಸೀನೂ ಎದ್ದು ಕೂರುತ್ತಿತ್ತು. ಅಂಥವರಿಗೆ ಒಂದು ಮೇಜು, ಒಂದು ಫೋನು, ಮಾಡೋಕೆ ನಿಜವಾದ ಕೆಲಸ ಕೊಟ್ಟು ಯಾರಾದರೂ ಪೂರ್ತಿ ಕಾಮಿಡಿ ಬರೆದಿದ್ದರೆ ಹೇಗಿರುತ್ತಿತ್ತು ಅಂತ ಸುಮ್ನೆ ಆಸೆ.

ಸಿನಿಮಾ ನೋಡುವಾಗ ಮಂಡ್ಯದ ಚಿಕ್ಕಮ್ಮನ ನೆನಪಾಗಿದ್ದೂ ಅದಕ್ಕೇ. ಒಂದು ಆಫೀಸಿನ ರೆಕಾರ್ಡ್ ರೂಮಿನಲ್ಲಿ ಇಪ್ಪತ್ತೆಂಟು ವರ್ಷ ಇದ್ದವರು. ಸರ್ವೆ ನಂಬರ್ ಹೇಳಿದರೆ ಸಾಕು, ಯಾವ ಬೀರು, ಯಾವ ಕಟ್ಟು, ಯಾವ ಕಡೆ ಇಲಿ ಕಡಿದಿದೆ ಅಂತ ಎಲ್ಲ ಹೇಳುತ್ತಿದ್ದರು. ಕಂಪ್ಯೂಟರ್ ಬಂದ ವರ್ಷ ಇವರನ್ನು ಟಪಾಲು ಸೆಕ್ಷನ್ನಿಗೆ ಹಾಕಿದರು. ಆಮೇಲೂ ಕಡತ ಸಿಗದಿದ್ದಾಗಲೆಲ್ಲ ಹುಡುಗರು ಚಿಕ್ಕಮ್ಮನ ಮೇಜಿಗೇ ಓಡಿ ಬರುತ್ತಿದ್ದರಂತೆ. ‘ಡೆಸ್ಕ್ ಸೆಟ್’ನಲ್ಲೂ ಅಷ್ಟೇ. ಸಂಬಳದ ಲೆಕ್ಕ ಮಾಡುವ ಯಂತ್ರ ತಲೆಕೆಟ್ಟು, ಕಂಪನಿಯ ಅಧ್ಯಕ್ಷರಿಗೂ ಸೇರಿಸಿ ಎಲ್ಲರಿಗೂ ಕೆಲಸದಿಂದ ತೆಗೆದ ಚೀಟಿ ಕಳಿಸುತ್ತದೆ. ಆ ಸೀನಿಗೆ ನಾನು ನಕ್ಕಿದ್ದು ಜಾಸ್ತಿಯೇ ಆಯಿತು. ಎಐ ಬಂತು, ನಿಮ್ಮದೆಲ್ಲ ಮುಗೀತು ಅಂತ ನಮ್ಮ ಆಫೀಸಲ್ಲಿ ದಿನಾ ಕೇಳುತ್ತಿದ್ದೇನಲ್ಲ.

ಮೊನ್ನೆ ಮಂಡ್ಯಕ್ಕೆ ಹೋದಾಗ ಚಿಕ್ಕಮ್ಮನಿಗೂ ಅದೇ ಒಗಟು ಹಾಕಿದೆ. ಮೈಸೂರಲ್ಲಿ ಹದಿನೇಳು ಜನ, ನಾಗನಹಳ್ಳಿಯಲ್ಲಿ ನಾಲ್ವರು ಇಳಿದರು, ಶ್ರೀರಂಗಪಟ್ಟಣ, ಪಾಂಡವಪುರ, ಹಾಗೇ ಮಂಡ್ಯದವರೆಗೂ ಎಳೆದೆ. ಪಾಂಡವಪುರದಲ್ಲಿ ಇಳಿದವರು ಎಷ್ಟು?

ಅವರು ಹುರುಳಿಕಾಯಿ ಸೋಸುತ್ತಿದ್ದರು. ತಲೆ ಎತ್ತಲಿಲ್ಲ.

"ಒಂಬತ್ತು. ಅದಿರ್ಲಿ ಕಣೇ, ಅಲ್ಲಿ ಇಳಿದೋರಿಗೆ ಊರಿಗೆ ಹೋಗಕ್ಕೆ ಬಸ್ಸು ಸಿಕ್ತಾ?"